ದಿನವಿಡೀ ಆರ್ಗನ್ ಸಂಗೀತ: ಬೆಂಗಳೂರಿನ ಸಭೆಗಳಿಗೊಂದು ಕೋರಿಕೆ

ಮಾನ್ಯ ಸಂಪಾದಕರಿಗೆ,

ಬೆಂಗಳೂರಿನ ಯಾವುದಾದರೂ ಸಂಗೀತ ಸಭೆ ಒಂದು ಭಾನುವಾರವನ್ನು ಬೆಳಗಿನಿಂದ ರಾತ್ರಿಯವರೆಗೆ ಯುರೋಪಿನ ಬರೋಕ್ ಕಾಲದ ಆರ್ಗನ್ (ಗಾಳಿಯಿಂದ ನುಡಿಯುವ ಕೊಳವೆಗಳ ವಾದ್ಯ) ಸಂಗೀತಕ್ಕಾಗಿಯೇ ಮೀಸಲಿಡಬೇಕು, ಅದನ್ನು ಕನ್ನಡದ ಕೇಳುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಕನ್ನಡದ ವಿವರಣೆಯೊಂದಿಗೇ ನಡೆಸಬೇಕು ಎಂಬ ಕೋರಿಕೆಯನ್ನು ತಮ್ಮ ಪತ್ರಿಕೆಯ ಮೂಲಕ ಸಭೆಗಳ ಸಂಚಾಲಕರ ಮುಂದಿಡುತ್ತಿದ್ದೇನೆ. ಇಂಥ ಕಾರ್ಯಕ್ರಮ ಜಗತ್ತಿಗೆ ಹೊಸದಲ್ಲ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ 2013ರ ಏಪ್ರಿಲ್ 1ರಂದು ಒಂಬತ್ತು ಗಂಟೆಗಳ ಕಾಲ ಜರ್ಮನ್ ರಚನಕಾರ ಬಾಖ್‌ನ ಸಂಗೀತ ನಡೆಯಿತು. ಅದರಲ್ಲಿ ಆರ್ಗನ್ ಕೃತಿಗಳೂ ಇದ್ದವು. ಅದಕ್ಕೂ ಮೊದಲು, ಬಾಖ್ ತೀರಿಕೊಂಡು 250 ವರ್ಷ ತುಂಬಿದ 2000ನೆಯ ಇಸವಿಯಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಪಾಲ್ ಜೇಕಬ್ಸ್ ಎಂಬ ಯುವ ಕಲಾವಿದರು ಬಾಖ್‌ನ ಎಲ್ಲ ಆರ್ಗನ್ ಕೃತಿಗಳನ್ನು ಒಂದೇ ಸರದಿಯಲ್ಲಿ, ಹದಿನೆಂಟು ಗಂಟೆಗಳಲ್ಲಿ ನುಡಿಸಿದರು. ದಾಖಲೆಗಾಗಿ ಇಂಥದ್ದು ನಮ್ಮ ಊರಿನಲ್ಲಿ ಆಗಲಿ ಎಂದು ನಾನು ಕೇಳುತ್ತಿಲ್ಲ. ಈ ಸಂಗೀತವನ್ನು ತುಣುಕು ತುಣುಕಾಗಿ ಕೇಳಿದರೆ ಅದು ಏನೆಂದೇ ತಿಳಿಯುವುದಿಲ್ಲ, ದಿನವಿಡೀ ಕೇಳಿದರೆ ತಿಳಿಯುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ, ಮತ್ತು ಆ ನಂಬಿಕೆಗೆ ಇರುವ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ನಮ್ಮಲ್ಲಿ ಆರ್ಗನ್ ಎಂದರೆ ಬಹುಮಂದಿಗೆ ನೆನಪಾಗುವುದು ಬಾಖ್‌ನ ಹೆಸರಿನಲ್ಲಿರುವ ಡಿ ಮೈನರ್ ಟೊಕಾಟ ಎಂಬ ಸ್ವಚ್ಛಂದ ರಚನೆಯ ಆರಂಭದ ಗುಡುಗು ಮಾತ್ರ. ಭಯದ ದೃಶ್ಯಗಳಿಗೆ ಹಿನ್ನೆಲೆಯಾಗಿ ಅದು ಎಷ್ಟು ಬಳಕೆಯಾಗಿದೆಯೆಂದರೆ, ಆ ವಾದ್ಯವೇ ಹೆದರಿಸಲು ಹುಟ್ಟಿದ್ದೆಂಬ ಭಾವನೆ ಬೇರೂರಿಬಿಟ್ಟಿದೆ. ಬರೋಕ್ ಎಂದು ಕರೆಯುವ, ಸರಿಸುಮಾರು 1600ರಿಂದ 1750ರವರೆಗಿನ ಒಂದೂವರೆ ಶತಮಾನದಲ್ಲಿ ಈ ವಾದ್ಯಕ್ಕೆ ಬರೆದ ಸಂಗೀತದ ಬಹುಪಾಲು ಹಾಗಿಲ್ಲ. ರೋಮ್‌ನ ಸೇಂಟ್ ಪೀಟರ್ಸ್‌ನಲ್ಲಿ ಆರ್ಗನ್ ವಾದಕನಾಗಿದ್ದ ಫ್ರೆಸ್ಕೊಬಾಲ್ದಿ 1635ರಲ್ಲಿ ಪ್ರಕಟಿಸಿದ ‘ಫಿಯೋರಿ ಮ್ಯೂಸಿಕಾಲಿ’ಯಲ್ಲಿ ಪೂಜೆಯ ಅತ್ಯಂತ ಮೌನದ ಗಳಿಗೆಗೆಂದು ರಚಿಸಿದ ಟೊಕಾಟಗಳಿವೆ; ಅಲ್ಲಿ ಸ್ವರಗಳು ಒಂದನ್ನೊಂದು ನೋಯಿಸುವಷ್ಟು ಹತ್ತಿರಕ್ಕೆ ಬಂದು, ಅವಸರವಿಲ್ಲದೆ ಬಿಡಿಸಿಕೊಳ್ಳುತ್ತವೆ. ಫ್ರಾನ್ಸಿನ ಫ್ರಾಂಸ್ವಾ ಕೂಪ್ರಾಂ 1690ರಲ್ಲಿ, ಇನ್ನೂ ಇಪ್ಪತ್ತೊಂದರ ಹರೆಯದಲ್ಲಿ, ಚರ್ಚ್ ಪೂಜೆಗೆಂದು ರಚಿಸಿದ ತನ್ನ ಎರಡು ಆರ್ಗನ್ ಮಾಸ್‌ಗಳನ್ನು ಹೊರತಂದ. ಅವುಗಳಲ್ಲಿ ಪ್ರತಿ ಭಾಗಕ್ಕೂ ಯಾವ ನಾದದ ಕೊಳವೆಗಳನ್ನು ತೆರೆಯಬೇಕೆಂಬುದು ಶೀರ್ಷಿಕೆಯಲ್ಲೇ ಸೂಚಿತವಾಗಿರುವುದುಂಟು, ಏಕೆಂದರೆ ಫ್ರೆಂಚರಿಗೆ ನಾದದ ಬಣ್ಣವೂ ರಚನೆಯ ಒಂದು ಅಂಗ. ಲ್ಯೂಬೆಕ್ ಊರಿರುವ ಉತ್ತರ ಜರ್ಮನಿಯಲ್ಲಿ ಮಾತೇ ಬೇರೆ. ಅಲ್ಲಿ ಕಾಲಿನಿಂದ ನುಡಿಸುವ ಪೆಡಲ್ ಕೈಗಳಿಗೆ ಸರಿಸಮನಾದ ಸ್ವತಂತ್ರ ದನಿಯಾಗಿ ಬೆಳೆಯಿತು, ವಾದಕ ಎರಡು ಕಾಲುಗಳಲ್ಲಿ ಒಂಟಿಯಾಗಿ ಸಂಚಾರ ಮಾಡುವ ಭಾಗಗಳೇ ಹುಟ್ಟಿಕೊಂಡವು. ರೋಮ್, ಪ್ಯಾರಿಸ್, ಲ್ಯೂಬೆಕ್ ಮೂರನ್ನೂ ಒಂದೇ ದಿನದಲ್ಲಿ ಒಂದರ ಬೆನ್ನಿಗೆ ಇನ್ನೊಂದನ್ನು ಕೇಳಿದವರಿಗೆ ಮಾತ್ರ, ಕೊನೆಯಲ್ಲಿ ಬರುವ ಬಾಖ್ ಏನನ್ನು ಎಲ್ಲಿಂದ ತಂದ, ಅದನ್ನು ಏನು ಮಾಡಿದ ಎಂಬುದು ಕಿವಿಗೆ ಬೀಳುತ್ತದೆ. ಒಂದು ಸಂಜೆಯ ಎರಡು ಗಂಟೆಗಳಲ್ಲಿ ಇದು ಆಗುವ ಕೆಲಸವಲ್ಲ.

ಇದಕ್ಕೆ ಒಂದೇ ಕೃತಿಯ ಉದಾಹರಣೆ ಕೊಡುತ್ತೇನೆ. ಬಾಖ್‌ನ ಸಿ ಮೈನರ್ ಪಸಕಾಲಿಯ ಎಂಟು ಅಳತೆಗಳ (ನಮ್ಮ ಆವರ್ತದಂಥ ಕಾಲಭಾಗಗಳ) ಒಂದು ಸಾಲಿನಿಂದ ಆರಂಭವಾಗುತ್ತದೆ. ಅದನ್ನು ಮೊದಲಿಗೆ ಪೆಡಲ್ ಒಂದೇ ನುಡಿಸುತ್ತದೆ. ಆಮೇಲೆ ಅದೇ ಸಾಲಿನ ಮೇಲೆ ಇಪ್ಪತ್ತು ಆವರ್ತನೆಗಳು ಬರುತ್ತವೆ, ಪ್ರತಿಯೊಂದರಲ್ಲೂ ಮೇಲಿನ ದನಿಗಳ ನಡೆ ಬೇರೆ, ಸಾಂದ್ರತೆ ಬೇರೆ. ಎಲ್ಲವೂ ಮುಗಿಯಿತು ಎನ್ನುವಾಗ ಅದೇ ಸಾಲಿನ ಮೊದಲರ್ಧವನ್ನು ಹಿಡಿದು ಒಂದು ಪೂರ್ಣ ಫ್ಯೂಗ್, ಅಂದರೆ ಒಂದೇ ಸಾಲನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ, ಎದ್ದು ನಿಲ್ಲುತ್ತದೆ. ಆ ಮೊದಲರ್ಧ ಬಾಖ್‌ನದಲ್ಲ. ಅದು ಆಂದ್ರೆ ರೇಸೊಂ ಎಂಬ ಫ್ರೆಂಚ್ ವಾದಕನ 1688ರ ಪುಸ್ತಕದಲ್ಲಿರುವ ಪುಟ್ಟ ರಚನೆಯೊಂದರಲ್ಲಿ ಬರುತ್ತದೆ. ಒಂದೇ ಸಾಲನ್ನು ಕೆಳದನಿಯಲ್ಲಿ ಮತ್ತೆ ಮತ್ತೆ ನುಡಿಸುತ್ತ ಅದರ ಮೇಲೆ ದೊಡ್ಡ ಕಟ್ಟಡ ಕಟ್ಟುವ ಕ್ರಮಕ್ಕೆ ಲ್ಯೂಬೆಕ್‌ನ ಆರ್ಗನ್ ವಾದಕ ಬುಕ್ಸ್‌ಟೆಹುಡೆ ಬಾಖ್‌ನ ಕಣ್ಣ ಮುಂದಿದ್ದ ದೊಡ್ಡ ಮಾದರಿ. ಇಪ್ಪತ್ತರ ಹರೆಯದ ಬಾಖ್ 1705ರಲ್ಲಿ ಆರ್ನ್‌ಸ್ಟಾಟ್ ಊರಿನಿಂದ ಸುಮಾರು ನಾನೂರು ಕಿಲೋಮೀಟರ್ ದೂರವನ್ನು ನಡೆದುಕೊಂಡೇ ಹೋಗಿ ಆ ಹಿರಿಯನ ಸಂಗೀತ ಕೇಳಿದ. ನಾಲ್ಕು ವಾರಗಳ ರಜೆ ಪಡೆದು ಹೋದವನು ನಾಲ್ಕು ತಿಂಗಳ ಹತ್ತಿರ ಅಲ್ಲೇ ಉಳಿದು, ಹಿಂದಿರುಗಿದ ಮೇಲೆ ಚರ್ಚ್‌ನ ಆಡಳಿತದವರಿಂದ ಬೈಸಿಕೊಂಡ. ಗುರುವನ್ನು ಅರಸಿಕೊಂಡು ಊರೂರು ನಡೆದವರ ಕಥೆಗಳನ್ನು ಕೇಳಿ ಬೆಳೆದ ನಮ್ಮ ಸಂಗೀತಗಾರರಿಗೆ ಈ ಪ್ರಸಂಗವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನ ರೇಸೊಂನ ಆ ಪುಟ್ಟ ತುಣುಕು, ಸಂಜೆ ಬುಕ್ಸ್‌ಟೆಹುಡೆಯ ಪಸಕಾಲಿಯ, ರಾತ್ರಿ ಬಾಖ್‌ನದು, ಹೀಗೆ ಕೇಳುವ ಅವಕಾಶವನ್ನು ಒಮ್ಮೆ ಕಲ್ಪಿಸಿಕೊಳ್ಳಬೇಕೆಂದು ಸಂಚಾಲಕರನ್ನು ಬೇಡುತ್ತೇನೆ.

ವಾದ್ಯದ ಬಗ್ಗೆಯೂ ಎರಡು ಮಾತು ಅಗತ್ಯ. ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂ ಕೇಳಿ ಬೆಳೆದ ನಮ್ಮ ಹಿರಿಯರು ಆರ್ಗನ್ ಎಂದರೆ ಅದರದೇ ದೊಡ್ಡ ರೂಪ ಎಂದುಕೊಳ್ಳುವುದು ಸಹಜ. ತಿದಿ ಮತ್ತು ಮನೆಗಳ (ಬೆರಳಿನಿಂದ ಒತ್ತುವ ಪಟ್ಟಿಗಳ) ಮಟ್ಟಿಗೆ ಹೋಲಿಕೆ ಇದೆ. ಆದರೆ ಹಾರ್ಮೋನಿಯಂನಲ್ಲಿ ನಾದ ಹುಟ್ಟುವುದು ಹಿತ್ತಾಳೆಯ ನಾಲಗೆಯಿಂದ. ಪೈಪ್ ಆರ್ಗನ್ನಿನ ಬಹುಪಾಲು ಕೊಳವೆಗಳಲ್ಲಿ ನಾದ ಹುಟ್ಟುವುದು ಕೊಳಲಿನಲ್ಲಿ ಹುಟ್ಟುವ ಹಾಗೆಯೇ, ಗಾಳಿ ಒಂದು ಅಂಚಿಗೆ ಬಡಿದು. ನಾಲಗೆಯಿರುವ ಕೊಳವೆಗಳೂ ಇವೆ, ಅವುಗಳಿಗೆ ತುತ್ತೂರಿಯ ಗತ್ತು. ಪ್ರತಿ ಸ್ವರಕ್ಕೂ, ಪ್ರತಿ ನಾದಬಣ್ಣಕ್ಕೂ ಪ್ರತ್ಯೇಕ ಕೊಳವೆ ಬೇಕಾಗುವುದರಿಂದ ಅವುಗಳ ಸಂಖ್ಯೆ ಸಾವಿರಗಳಿಗೆ ಏರುತ್ತದೆ. ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ 1954ರಲ್ಲಿ ಸ್ಥಾಪಿಸಿದ ಆರ್ಗನ್ನಿನಲ್ಲಿ 7,866 ಕೊಳವೆಗಳಿವೆ. ಎಂಟು ಅಡಿ ಉದ್ದದ ತೆರೆದ ಕೊಳವೆ ಸೆಕೆಂಡಿಗೆ ಸುಮಾರು 65 ಕಂಪನಗಳ ನಾದ ಕೊಟ್ಟರೆ, ಮೂವತ್ತೆರಡು ಅಡಿಯದು ಸುಮಾರು ಹದಿನಾರು ಕಂಪನಗಳಿಗೆ ಇಳಿಯುತ್ತದೆ. ಅದು ಕಿವಿಗಿಂತ ಹೆಚ್ಚಾಗಿ ಕುಳಿತ ಆಸನಕ್ಕೂ ಎದೆಗೂ ಗೊತ್ತಾಗುವ ನಾದ. ಮೊಬೈಲಿನಲ್ಲೋ ಸಣ್ಣ ಸ್ಪೀಕರಿನಲ್ಲೋ ಆ ಕೆಳದನಿ ಇರುವುದೇ ಇಲ್ಲ. ಆದ್ದರಿಂದ, ಯೂಟ್ಯೂಬ್‌ನಲ್ಲಿ ಎಲ್ಲವೂ ಸಿಗುತ್ತದೆ, ಸಭೆ ಯಾಕೆ ಎನ್ನುವ ವಾದ ಬೇರೆ ಯಾವ ವಾದ್ಯಕ್ಕೆ ಒಪ್ಪಿದರೂ ಇದಕ್ಕೆ ಒಪ್ಪುವುದಿಲ್ಲ.

ಹಾರ್ಮೋನಿಯಂ ಬಗ್ಗೆ ನಮ್ಮ ವಿದ್ವಾಂಸರಿಗಿದ್ದ ಎರಡು ಆಕ್ಷೇಪಗಳು ಪ್ರಸಿದ್ಧ: ಅದರಲ್ಲಿ ಗಮಕ ಬರುವುದಿಲ್ಲ, ಅದರ ಸ್ವರಸ್ಥಾನಗಳು ಶುದ್ಧವಲ್ಲ. ಈ ಆಕ್ಷೇಪಗಳ ಬಲದಿಂದಲೇ 1940ರಿಂದ ಸುಮಾರು ಮೂರು ದಶಕ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತ್ತು. ಮೊದಲನೆಯ ಆಕ್ಷೇಪ ಆರ್ಗನ್ನಿಗೂ ಪೂರ್ತಿಯಾಗಿ ಅನ್ವಯಿಸುತ್ತದೆ; ಗಮಕವನ್ನು ಹುಡುಕಿಕೊಂಡು ಹೋದವರಿಗೆ ಅಲ್ಲಿ ಅದು ಸಿಗದು, ಆ ಸಂಗೀತ ಗಮಕವನ್ನು ನೆಚ್ಚಿಯೂ ಇಲ್ಲ. ಎರಡನೆಯದರ ಸಂಗತಿ ಮಾತ್ರ ಸ್ವಾರಸ್ಯಕರ. ಹದಿನೇಳನೆಯ ಶತಮಾನದ ಅನೇಕ ಆರ್ಗನ್‌ಗಳು ಇಂದಿನ ಪಿಯಾನೊದಂತೆ ಹನ್ನೆರಡು ಸಮಪಾಲುಗಳ ಶ್ರುತಿಯಲ್ಲಿ ಇರಲಿಲ್ಲ. ಮೀನ್‌ಟೋನ್ ಎಂಬ ಕ್ರಮದಲ್ಲಿ ಷಡ್ಜ ಮತ್ತು ಗಾಂಧಾರಗಳ ಅನುಪಾತವನ್ನು 4:5ಕ್ಕೆ ಸರಿಯಾಗಿ ಕೂಡಿಸುತ್ತಿದ್ದರು. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ತಂತಿಯಿಂದ ತಾನಾಗಿ ಎದ್ದು ಬರುವ ಅಂತರ ಗಾಂಧಾರ ಇದೆಯಲ್ಲ, ಅದೇ ಇದು. ಹಾಗೆ ಶ್ರುತಿ ಮಾಡಿದಾಗ ಕೆಲವು ಮೇಳಗಳು ಅತ್ಯಂತ ಇಂಪಾಗಿಯೂ ಇನ್ನು ಕೆಲವು ಕೇಳಲಾಗದಷ್ಟು ಕರ್ಕಶವಾಗಿಯೂ ಆಗುತ್ತಿದ್ದವು. ರಚನಕಾರರು ಆ ಕಾರ್ಕಶ್ಯದ ಅಂಚಿಗೆ ಬೇಕೆಂದೇ ಹೋಗಿ ಹಿಂದಿರುಗುತ್ತಿದ್ದರು. ಶ್ರುತಿಯ ವಿಷಯದಲ್ಲಿ ಬೆಂಗಳೂರಿನ ಒಳ್ಳೆಯ ಕೇಳುಗನಿಗಿರುವ ಸೂಕ್ಷ್ಮ ಕಿವಿಗೆ ಇಲ್ಲಿ ಬೇಕಾದಷ್ಟು ಆಹಾರವಿದೆ.

ಇನ್ನು ಫ್ಯೂಗ್. ಅದನ್ನು ಲೆಕ್ಕಾಚಾರದ ಒಣ ಸಂಗೀತ ಎಂದು ತಳ್ಳಿಹಾಕುವವರು ನಮ್ಮ ಪಲ್ಲವಿಯನ್ನು ನೆನೆಯಬೇಕು. ಒಂದು ಸಾಲನ್ನು ವಿಳಂಬದಲ್ಲಿ, ದ್ರುತದಲ್ಲಿ, ಮೂರು ಕಾಲಗಳಲ್ಲಿ ನಿಲ್ಲಿಸಿ ತೋರಿಸುವುದು ಲೆಕ್ಕವೂ ಹೌದು, ರಸವೂ ಹೌದು. ಬಾಖ್‌ನ ಸಿ ಮೇಜರ್ ಫ್ಯೂಗ್ ಒಂದರಲ್ಲಿ, ಅವನ ಕೃತಿಗಳ ಪಟ್ಟಿಯಲ್ಲಿ 547ನೆಯ ಸಂಖ್ಯೆಯದರಲ್ಲಿ, ಬಹಳ ಹೊತ್ತಿನವರೆಗೆ ಕೈಗಳು ಮಾತ್ರ ನುಡಿಸುತ್ತವೆ. ಒಂದು ಅಳತೆಯಷ್ಟೇ ಉದ್ದದ ಪುಟ್ಟ ಸಾಲು ನಾಲ್ಕು ದನಿಗಳಲ್ಲಿ ಹೆಣೆದುಕೊಳ್ಳುತ್ತಲೇ ಹೋಗುತ್ತದೆ, ತಲೆಕೆಳಗಾಗಿಯೂ ಬರುತ್ತದೆ. ಕೃತಿ ಕೊನೆಯ ಮೂರನೆಯ ಭಾಗಕ್ಕೆ ಬಂದಾಗ ಪೆಡಲ್ ಮೊದಲ ಬಾರಿಗೆ ಬಾಯಿ ತೆರೆದು ಅದೇ ಸಾಲನ್ನು ಇಮ್ಮಡಿ ವಿಳಂಬದಲ್ಲಿ, ಎಲ್ಲಕ್ಕೂ ಕೆಳಗಿನ ದನಿಯಲ್ಲಿ ನುಡಿಸುತ್ತದೆ. ತ್ರಿಕಾಲ ಕೇಳಿ ಗೊತ್ತಿರುವವರಿಗೆ ಆ ಪ್ರವೇಶದ ಮಹತ್ವವನ್ನು ಯಾರೂ ವಿವರಿಸಬೇಕಾಗಿಲ್ಲ. ಇದಲ್ಲದೆ, ಆ ಕಾಲದ ಆರ್ಗನ್ ವಾದಕನನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಬರೆದಿಟ್ಟದ್ದನ್ನು ನುಡಿಸುವ ಶಕ್ತಿಗಿಂತ, ಕೊಟ್ಟ ಸಾಲಿನ ಮೇಲೆ ಸ್ಥಳದಲ್ಲೇ ಕಟ್ಟುವ ಶಕ್ತಿಯನ್ನು ಪರೀಕ್ಷಿಸುವುದು ವಾಡಿಕೆಯಾಗಿತ್ತು. ಮನೋಧರ್ಮವೇ ಸಂಗೀತದ ಜೀವ ಎನ್ನುವ ನಾಡಿನಲ್ಲಿ ಈ ಸಂಗತಿ ಎಲ್ಲರಿಗೂ ತಿಳಿಯಬೇಕು. ನಾನು ಕೇಳುತ್ತಿರುವ ದಿನದಲ್ಲಿ ಒಂದು ಗಂಟೆಯನ್ನು ಇದಕ್ಕೇ ಇಡಬೇಕು: ನಮ್ಮ ವಿದುಷಿಯೊಬ್ಬರು ಹಾಡಿ ಕೊಟ್ಟ ಒಂದು ಸಾಲನ್ನು ವಾದಕರು ಅಲ್ಲೇ ಬೆಳೆಸಲಿ.

ಬೆಂಗಳೂರಿನವರು ಇಷ್ಟು ಹೊತ್ತು ಕೂರುತ್ತಾರೆಯೇ ಎಂಬ ಅನುಮಾನ ನನಗಿಲ್ಲ. ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ಚಾಮರಾಜಪೇಟೆಯ ರಾಮನವಮಿ ಕಛೇರಿಗಳಲ್ಲಿ ಪೆಂಡಾಲಿನ ಕುರ್ಚಿಗಳಲ್ಲಿ ಕುಳಿತು, ಜಾಗ ಸಿಗದಿದ್ದರೆ ಹೊರಗೆ ನಿಂತು, ರಾತ್ರಿ ಬಹುಹೊತ್ತಿನವರೆಗೆ ಕೇಳಿದ ಊರು ಇದು. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಗ್ಗೆ ಕೆಲಸಕ್ಕೆ ಹೋಗುವ ಕರಾವಳಿಯವರು ಸಾವಿರಾರು ಮಂದಿ ಇಲ್ಲಿದ್ದಾರೆ. ದಿನಪೂರ್ತಿ ಕೂರುವ ಅಭ್ಯಾಸವನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಇದು ಪರದೇಶದ್ದು, ಅದೂ ಚರ್ಚ್‌ಗೆ ಸೇರಿದ್ದು, ನಮಗೇಕೆ ಎನ್ನುವವರಿಗೂ ಉತ್ತರ ಹೇಳಬೇಕು. ಬಾಖ್‌ನ ಆರ್ಗನ್ ಕೃತಿಗಳಲ್ಲಿ ದೊಡ್ಡ ಪಾಲು ಜರ್ಮನ್ ಚರ್ಚ್‌ಗಳಲ್ಲಿ ಜನ ಹಾಡುತ್ತಿದ್ದ ಕೊರಾಲ್ ಎಂಬ ಸ್ತುತಿಗೀತೆಗಳ ಧಾಟಿಗಳನ್ನು ಆಧರಿಸಿದ್ದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಅದೇ ಪರಂಪರೆಯ ಧಾಟಿಗಳಿಗೆ ಕನ್ನಡ ಪದಗಳನ್ನು ಹೊಂದಿಸಿದರು. ನಿಘಂಟಿನ ಕಿಟ್ಟೆಲ್ ಅವರೂ ಕನ್ನಡದಲ್ಲಿ ಸ್ತುತಿಗೀತೆಗಳನ್ನು ಬರೆದವರೇ. ಮಂಗಳೂರು, ಧಾರವಾಡಗಳ ಕನ್ನಡ ಕ್ರೈಸ್ತ ಸಭೆಗಳಲ್ಲಿ ಜರ್ಮನ್ ಕೊರಾಲ್ ಧಾಟಿಗಳು ಕನ್ನಡದ ಮಾತಿನಲ್ಲಿ ತಲೆಮಾರುಗಳಿಂದ ಕೇಳಿಬಂದಿವೆ. ಒಂದು ಕೊರಾಲ್ ಪ್ರಿಲ್ಯೂಡ್ ನುಡಿಸುವ ಮೊದಲು ಅದರ ಧಾಟಿಯನ್ನು ಕನ್ನಡದ ಕ್ರೈಸ್ತ ಸಭೆಯೊಂದರ ಗಾಯಕವೃಂದ ಕನ್ನಡದಲ್ಲೇ ಹಾಡಿದರೆ, ಆಮೇಲೆ ಬಾಖ್ ಅದನ್ನು ದನಿಗಳ ನಡುವೆ ಎಲ್ಲಿ ಅಡಗಿಸಿದ್ದಾನೆಂದು ಮೊದಲ ಬಾರಿಗೆ ಕೇಳುವವರಿಗೂ ಹಿಡಿದುಕೊಳ್ಳಲು ಒಂದು ಎಳೆ ಸಿಗುತ್ತದೆ. ಇನ್ನು ಬಾಖ್‌ನ ಸಮಕಾಲೀನ ರಚನಕಾರ ಹ್ಯಾಂಡೆಲ್, ಆರ್ಗನ್ನಿಗೂ ವಾದ್ಯವೃಂದಕ್ಕೂ ಬರೆದ ತನ್ನ ಕನ್ಚೆರ್ಟೊಗಳನ್ನು 1735ರಿಂದ ಲಂಡನ್ನಿನ ನಾಟಕಶಾಲೆಯಲ್ಲಿ, ಆರಟೋರಿಯೊ ಎಂಬ ದೀರ್ಘ ಗಾನಕಥನಗಳ ನಡುವಿನ ಬಿಡುವಿನಲ್ಲಿ, ಟಿಕೆಟ್ ಕೊಂಡು ಬಂದ ಜನರ ಮುಂದೆ ನುಡಿಸುತ್ತಿದ್ದ. ದೃಷ್ಟಿ ಹೋದ ಮೇಲೂ ನುಡಿಸುವುದನ್ನು ನಿಲ್ಲಿಸಲಿಲ್ಲ. ಸಭಾಂಗಣದಲ್ಲಿ ಆರ್ಗನ್ ಎಂಬುದಕ್ಕೆ ಹೀಗೆ ಬರೋಕ್ ಕಾಲದ್ದೇ ಸಮ್ಮತಿಯಿದೆ.

ಪರದೇಶದ ಮಾತಿಗೆ ನಮ್ಮ ಜಯಚಾಮರಾಜೇಂದ್ರ ಒಡೆಯರ್ ಅವರ ಬದುಕೇ ಉತ್ತರ. ಶ್ರೀವಿದ್ಯಾ ಅಂಕಿತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದ ಆ ದೊರೆ ಪಾಶ್ಚಾತ್ಯ ಸಂಗೀತದಲ್ಲೂ ಪರೀಕ್ಷೆಗಳನ್ನು ಮುಗಿಸಿದ ಪಿಯಾನೊ ವಾದಕ. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷ. ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಸಿದ್ದು ಅವರ ಆರ್ಥಿಕ ಬೆಂಬಲದಿಂದ. ಎರಡೂ ಸಂಗೀತಗಳನ್ನು ಒಂದೇ ಮನಸ್ಸಿನಿಂದ ಪ್ರೀತಿಸಿದವರು ಈ ನಾಡನ್ನು ಆಳಿದ್ದಾರೆ ಎಂಬುದನ್ನು ನಾವು ಬೇಗ ಮರೆತೆವು.

ಎಲ್ಲಿ ನಡೆಸುವುದು ಎಂಬುದು ನಿಜವಾದ ತೊಡಕು. ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನ, ರವೀಂದ್ರ ಕಲಾಕ್ಷೇತ್ರ, 1905ರಲ್ಲಿ ಆರಂಭವಾದ ಗಾಯನ ಸಮಾಜದ ಸಭಾಂಗಣ, ಇವು ಯಾವುದರಲ್ಲೂ ಪೈಪ್ ಆರ್ಗನ್ ಇಲ್ಲ. ಊರಿನಲ್ಲಿ ಕೊಳವೆಗಳಿರುವುದು ದಂಡು ಪ್ರದೇಶದ ಹಳೆಯ ಚರ್ಚ್‌ಗಳಲ್ಲಿ. ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಚರ್ಚ್‌ನಲ್ಲಿ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಆರ್ಗನ್ ಇದೆ. ವಿಕ್ಟೋರಿಯಾ ಕಾಲದ ವಾದ್ಯದ ನಾದ ಬರೋಕ್ ವಾದ್ಯದಷ್ಟು ಚುರುಕಾಗಿ, ಬಿಡಿಬಿಡಿಯಾಗಿ ಇರುವುದಿಲ್ಲ ಎಂಬುದು ನಿಜ, ಆದರೂ ನಿಜವಾದ ಗಾಳಿ ನಿಜವಾದ ಕೊಳವೆಯಲ್ಲಿ ಹರಿದು ಹುಟ್ಟುವ ನಾದಕ್ಕೆ ಸಮನಾದದ್ದು ಬೇರೊಂದಿಲ್ಲ. ಆದ್ದರಿಂದ ದಿನವನ್ನು ಎರಡು ಭಾಗ ಮಾಡುವುದು ಸೂಕ್ತ ಎಂದು ನನ್ನ ಅಭಿಪ್ರಾಯ. ಬೆಳಗಿನ ಪ್ರಾರ್ಥನೆಗಳು ಮುಗಿದ ಮೇಲೆ, ಚರ್ಚ್‌ನವರ ಒಪ್ಪಿಗೆ ಪಡೆದು, ಅಂಥದ್ದೊಂದು ಚರ್ಚ್‌ನಲ್ಲಿ ಮೂರು ಗಂಟೆ ಇಟಲಿ ಮತ್ತು ಫ್ರಾನ್ಸ್. ಮಧ್ಯಾಹ್ನದಿಂದ ರಾತ್ರಿಯವರೆಗೆ ಸಭಾಂಗಣದಲ್ಲಿ, ಎರಡು ಸಾಲು ಮನೆಗಳೂ ಪೂರ್ಣ ಪೆಡಲ್ಲೂ ಇರುವ ಒಳ್ಳೆಯ ಡಿಜಿಟಲ್ ಆರ್ಗನ್ ಬಾಡಿಗೆಗೆ ತಂದು ಜರ್ಮನ್ನರು. ಡಿಜಿಟಲ್ ವಾದ್ಯ ಪರ್ಯಾಯವೇ ಹೊರತು ಸಮಾನವಲ್ಲ, ಆದರೆ ಅದರಲ್ಲಿ ಒಂದು ಲಾಭವಿದೆ: ಗುಂಡಿ ಒತ್ತಿ ಮೀನ್‌ಟೋನ್ ಶ್ರುತಿಗೆ ಬದಲಿಸಬಹುದಾದ ವಾದ್ಯಗಳು ಸಿಗುತ್ತವೆ, ಕೇಳುಗರಿಗೆ ಒಂದೇ ರಚನೆಯನ್ನು ಎರಡೂ ಶ್ರುತಿಗಳಲ್ಲಿ ನುಡಿಸಿ ತೋರಿಸಬಹುದು. ಧ್ವನಿವರ್ಧಕದವರಿಗೆ ಮಾತ್ರ ಮೊದಲೇ ಕಟ್ಟುನಿಟ್ಟಾಗಿ ಹೇಳಿಡಬೇಕು. ನಮ್ಮ ಸಭೆಗಳಲ್ಲಿ ಮೃದಂಗದ ಒಂದೊಂದು ಚಾಪು ಎದೆಗೆ ಗುದ್ದುವಂತೆ ಏರಿಸುವ ರೂಢಿ ಇಲ್ಲಿಗೂ ಬಂದರೆ ನಾಲ್ಕು ದನಿಗಳ ಹೆಣಿಗೆ ಒಂದೇ ಗದ್ದಲವಾಗಿಬಿಡುತ್ತದೆ.

ಉಳಿದ ಏರ್ಪಾಡುಗಳು ಕಷ್ಟದವಲ್ಲ. ಕೇಳುಗರು ನಡುನಡುವೆ ಎದ್ದು ಹೋಗಿ ಬರುವಂತಿರಲಿ, ಬಾಗಿಲು ತೆರೆಯುವುದು ಕೃತಿಗಳ ನಡುವೆ ಮಾತ್ರ ಇರಲಿ. ವಾದಕರ ಕಾಲುಗಳು ಕಾಣುವಂತೆ ಒಂದು ಕ್ಯಾಮೆರಾ ಮತ್ತು ಪರದೆ ಬೇಕೇ ಬೇಕು. ಕಾಲುಗಳನ್ನು ನೋಡದೆ ಈ ಸಂಗೀತದ ಅರ್ಧ ಬೆರಗು ತಪ್ಪಿಹೋಗುತ್ತದೆ. ಪ್ರತಿ ಭಾಗಕ್ಕೂ ಮೊದಲು ಐದು ನಿಮಿಷ ಕನ್ನಡದಲ್ಲಿ ವಿವರಣೆ ಇರಲಿ, ಅದನ್ನು ಸಂಗೀತ ಗೊತ್ತಿರುವವರೇ ಮಾಡಲಿ. ಕೈಪಿಡಿ ಕನ್ನಡದಲ್ಲಿ ಅಚ್ಚಾಗಲಿ, ಆಂಗ್ಲ ಕೈಪಿಡಿಯ ಕೊನೆಯಲ್ಲಿ ಒಂದು ಕನ್ನಡ ಪುಟ ಸೇರಿಸಿ ಕೈತೊಳೆದುಕೊಳ್ಳುವುದು ಬೇಡ. ಚರ್ಚ್‌ನವರು ಒಪ್ಪಿದರೆ ಬಿಡುವಿನಲ್ಲಿ ಶಾಲಾ ಮಕ್ಕಳನ್ನು ಸಣ್ಣ ಗುಂಪುಗಳಲ್ಲಿ ಆರ್ಗನ್ ಹತ್ತಿರಕ್ಕೆ ಕರೆದೊಯ್ದು, ಒಂದು ಸ್ವರವನ್ನು ಒತ್ತಿಸಿ, ಯಾವ ಕೊಳವೆ ನುಡಿಯಿತೆಂದು ತೋರಿಸಬಹುದು.

ಟಿಕೆಟಿನ ಹಣದ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ. ಹಳೆಯ ಆರ್ಗನ್ನುಗಳ ತಿದಿಯ ಚರ್ಮ ಬಿರಿಯುತ್ತದೆ, ಕೊಳವೆಗಳಲ್ಲಿ ಧೂಳು ಕೂರುತ್ತದೆ, ಹವೆಯ ಬಿಸಿ ಏರಿಳಿದಂತೆ ಶ್ರುತಿ ಜಾರುತ್ತದೆ. ಇವನ್ನು ದುರಸ್ತಿ ಮಾಡಬಲ್ಲವರು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು ಮಂದಿ. ಬಂದ ಹಣ ಪೂರ್ತಿಯಾಗಿ ಊರಿನ ಆರ್ಗನ್ನುಗಳ ದುರಸ್ತಿಗೂ, ಆ ಕೆಲಸ ಕಲಿಯಲು ಮುಂದೆ ಬರುವ ಒಬ್ಬಿಬ್ಬರು ಯುವಕ ಯುವತಿಯರ ತರಬೇತಿಗೂ ಹೋಗಬೇಕು. 1840ರಲ್ಲಿ ರಚನಕಾರ ಮೆಂಡೆಲ್ಸನ್ ಲೈಪ್‌ಜಿಗ್‌ನ ಸೇಂಟ್ ಥಾಮಸ್ ಚರ್ಚ್‌ನಲ್ಲಿ ಬಾಖ್‌ನ ಆರ್ಗನ್ ಕೃತಿಗಳನ್ನು ಒಬ್ಬನೇ ನುಡಿಸಿ, ಬಾಖ್‌ನ ಸ್ಮಾರಕಕ್ಕೆ ಹಣ ಕೂಡಿಸಿದ. ಆಫ್ರಿಕಾದ ಲಾಂಬರೆನೆಯಲ್ಲಿ ಆಸ್ಪತ್ರೆ ಕಟ್ಟಿದ ಆಲ್ಬರ್ಟ್ ಶ್ವೈಟ್ಸರ್ ಅವರನ್ನು ನಮ್ಮ ಓದುಗರು ವೈದ್ಯರೆಂದು ಬಲ್ಲರು. ಅವರು ಬಾಖ್ ಬಗ್ಗೆ ದೊಡ್ಡ ಗ್ರಂಥ ಬರೆದ ಆರ್ಗನ್ ವಾದಕರೂ ಆಗಿದ್ದು, ಯುರೋಪಿನಲ್ಲಿ ಕಛೇರಿ ನಡೆಸಿ ಆ ಆಸ್ಪತ್ರೆಗೆ ಹಣ ಹೊಂದಿಸುತ್ತಿದ್ದರು. ಒಂದು ಉದ್ದೇಶಕ್ಕಾಗಿ ಆರ್ಗನ್ ನುಡಿಸುವ ಪದ್ಧತಿಗೆ ಹೀಗೆ ಒಳ್ಳೆಯ ಹಿರಿಯರಿದ್ದಾರೆ.

ದಿನದ ಬಗ್ಗೆ ಒಂದು ಸಲಹೆ. ವಾಗ್ಗೇಯಕಾರರನ್ನು ಅವರು ಮರೆಯಾದ ದಿನದಂದು ಆರಾಧನೆಯ ಮೂಲಕ ನೆನೆಯುವುದು ನಮ್ಮ ಪದ್ಧತಿ. ಬಾಖ್ ತೀರಿಕೊಂಡದ್ದು 1750ರ ಜುಲೈ 28ರಂದು. ಜುಲೈ ತಿಂಗಳ ಕೊನೆಯ ಭಾನುವಾರ ಬೆಂಗಳೂರಿನಲ್ಲಿ ಹವೆ ತಂಪಾಗಿರುತ್ತದೆ, ಆಷಾಢದ ಆಸುಪಾಸಿನಲ್ಲಿ ಮದುವೆ ಮುಂಜಿಗಳ ಓಡಾಟವೂ ಕಡಿಮೆ, ರಾಮನವಮಿಯ ಕಛೇರಿಗಳಿಗೂ ಇದರಿಂದ ತೊಂದರೆಯಾಗದು. ನಗರದ ಸಭೆಗಳಲ್ಲಿ ಯಾವುದಾದರೂ ಒಂದು ಈ ಕೆಲಸಕ್ಕೆ ಮುಂದಾದರೆ, ಕನ್ನಡ ಕೈಪಿಡಿಯ ಬರವಣಿಗೆ ಮತ್ತು ಕರಡು ತಿದ್ದುವ ಹೊಣೆಯನ್ನು ಯಾವ ಪ್ರತಿಫಲವೂ ಇಲ್ಲದೆ ಹೊರಲು ನಾನೂ ನನ್ನ ಪರಿಚಯದ ಕೆಲವು ಸಂಗೀತಾಸಕ್ತರೂ ಸಿದ್ಧರಿದ್ದೇವೆ. ತಾವು ಈ ಪತ್ರವನ್ನು ಪ್ರಕಟಿಸಿ, ಸಭೆಗಳ ಸಂಚಾಲಕರಿಂದಲೂ ಚರ್ಚ್‌ಗಳ ಆಡಳಿತದವರಿಂದಲೂ ಬರುವ ಉತ್ತರಗಳಿಗೆ ತಮ್ಮ ಅಂಕಣದಲ್ಲಿ ಸ್ಥಳ ಕೊಡಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಸಂಗೀತಾಸಕ್ತ ಓದುಗ
ಬಸವನಗುಡಿ, ಬೆಂಗಳೂರು